ಆನೆಗುಂದಿಯ ಹೋಂಸ್ಟೇ ವೆಬ್‌ಸೈಟಿಗೆ ಊರಿನ ಮಾಹಿತಿ ಬರೆದದ್ದು: ನನ್ನ ಅನುಭವ

ಆನೆಗುಂದಿಯಲ್ಲಿ ರೂಮು ಹಿಡಿಯುವವರು ಹೆಚ್ಚಾಗಿ ಬರುವುದು ಹಂಪಿ ನೋಡಲು. ಹಂಪಿ ಇರುವುದು ತುಂಗಭದ್ರೆಯ ಆಚೆ ದಡದಲ್ಲಿ, ವಿಜಯನಗರ ಜಿಲ್ಲೆಯಲ್ಲಿ. ನಾವಿರುವುದು ಈಚೆ ದಡದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ. ವೆಬ್‌ಸೈಟಿನ ‘ಊರಿನ ಮಾಹಿತಿ’ ಪುಟದಲ್ಲಿ ಮೊದಲು ಇದ್ದದ್ದು ಒಂದಿಷ್ಟು ದೇವಸ್ಥಾನಗಳ ಫೋಟೋ, ಒಂದೊಂದರ ಕೆಳಗೆ ಮೂರು ಸಾಲು ಇತಿಹಾಸ. ಅದನ್ನು ಓದಿದವರೂ ಫೋನ್ ಮಾಡಿ ಕೇಳುತ್ತಿದ್ದದ್ದು ‘ಬೋಟ್ ಎಷ್ಟು ಗಂಟೆವರೆಗೆ ಇರುತ್ತೆ?’ ಎಂದು. ಹಾಗಾಗಿ ಆ ಪುಟವನ್ನೇ ತೆಗೆದುಹಾಕಿ, ಹೊಳೆಯಿಂದ ಶುರುಮಾಡಿ ಹೊಸದಾಗಿ ಬರೆದೆ.

ಬರೆಯುವ ಮೊದಲು ಮಾಡಿದ ಕೆಲಸ ಒಂದೇ. ವಾಟ್ಸಾಪಿನಲ್ಲಿ ಮೂರು ತಿಂಗಳಿಂದ ಬಂದ ಪ್ರಶ್ನೆಗಳನ್ನೆಲ್ಲ ಒಂದು ಶೀಟಿಗೆ ಇಳಿಸಿ, ಯಾವುದನ್ನು ಯಾವ ಹೊತ್ತಿಗೆ ಕೇಳಿದ್ದಾರೆ ಎಂದೂ ಪಕ್ಕದಲ್ಲಿ ಬರೆದುಕೊಂಡೆ. ಬರುವ ಹಿಂದಿನ ದಿನದ ಪ್ರಶ್ನೆಗಳು ದಾರಿ, ಪಾರ್ಕಿಂಗ್, ಎಟಿಎಂ. ಬೆಳಿಗ್ಗೆಯವು ಟಿಕೆಟ್, ಆಟೋ. ಸಂಜೆ ಆರರ ಮೇಲಿನವು ಬೋಟ್, ಊಟ, ಔಷಧಿ ಅಂಗಡಿ. ಇತಿಹಾಸ ಕೇಳಿದವರು ಬೆರಳೆಣಿಕೆಯಷ್ಟು, ಅವರಿಗೆ ಗೈಡ್ ಬೇಕಿತ್ತು, ಪ್ಯಾರಾ ಅಲ್ಲ. ಪುಟದ ಕ್ರಮವೂ ಇದೇ ಆಯಿತು: ಬರುವ ಮೊದಲು, ಬೆಳಿಗ್ಗೆ, ಕತ್ತಲಾದ ಮೇಲೆ.

ಹೊಳೆಯ ಭಾಗ ಎಲ್ಲಕ್ಕಿಂತ ದೊಡ್ಡದು. ದಾಟಲು ಎರಡು ಕಡೆ ಇವೆ. ಆನೆಗುಂದಿಯಿಂದ ತಳವಾರಘಟ್ಟಕ್ಕೆ ದಾಟಿದರೆ ವಿಜಯವಿಠ್ಠಲ ದೇವಸ್ಥಾನ ಹತ್ತಿರ, ವಿರೂಪಾಪುರ ಗಡ್ಡೆಯಿಂದ ದಾಟಿದರೆ ವಿರೂಪಾಕ್ಷ ಗುಡಿ ಹತ್ತಿರ. ಈ ವ್ಯತ್ಯಾಸ ಗೊತ್ತಿಲ್ಲದವರು ಒಂದು ಕಡೆ ಇಳಿದು, ಬಿಸಿಲಲ್ಲಿ ಬಂಡೆಗಳ ನಡುವೆ ನಡೆದು ಸುಸ್ತಾಗುತ್ತಾರೆ. ‘ಬೋಟ್ ಸೌಲಭ್ಯ ಲಭ್ಯವಿದೆ’ ಎಂಬ ಹಳೆಯ ಸಾಲಿನಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಈಗ ಇರುವುದು ಹೀಗೆ:

‘ಬೆಳಿಗ್ಗೆ ಬೋಟಿನಲ್ಲಿ ಹೋಗಿ. ವಾಪಸ್ಸಿಗೆ ಸಂಜೆ 5.30ರೊಳಗೆ ದಡಕ್ಕೆ ಬನ್ನಿ, ಕತ್ತಲಾದ ಮೇಲೆ ಬೋಟ್ ಬಿಡುವುದಿಲ್ಲ. ತಪ್ಪಿದರೆ ಆಟೋ ಹಿಡಿದು ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು ಸೇತುವೆ ಮೇಲೆ ಬರಬೇಕು. ಕಾಣುವಷ್ಟು ಹತ್ತಿರದ ಊರಿಗೆ ಅರ್ಧ ಗಂಟೆ ಮೀರುತ್ತದೆ. ಬೋಟಿಗೆ ಚಿಲ್ಲರೆ ಇಟ್ಟುಕೊಳ್ಳಿ.’

5.30 ಎಂಬುದು ಬೋಟಿನವರು ಹೇಳಿದ ಸಮಯವಲ್ಲ. ಅವರು ಹೇಳುವ ಸಮಯಕ್ಕಿಂತ ಬೇಕೆಂದೇ ಮುಂಚೆ ಹಾಕಿದ್ದೇನೆ. ಮತಂಗ ಬೆಟ್ಟದ ಮೇಲೆ ಸೂರ್ಯಾಸ್ತ ನೋಡಿಯೇ ಇಳಿಯುತ್ತೇವೆ ಎನ್ನುವವರಿಗೆ ಬೋಟ್ ಸಿಗುವುದಿಲ್ಲ, ಅವರು ಬೆಳಿಗ್ಗೆಯೇ ಆಟೋ ಮಾತಾಡಿಕೊಳ್ಳಬೇಕು ಎಂಬುದು ಅದರ ಕೆಳಗಿನ ಸಾಲು.

ಮಳೆಗಾಲದಲ್ಲಿ ಲೆಕ್ಕವೇ ಬೇರೆ. ಜುಲೈಯಿಂದ ಸೆಪ್ಟೆಂಬರ್ ನಡುವೆ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ಬೋಟ್, ಹರಿಗೋಲು ಎರಡೂ ಬಂದ್. ನವವೃಂದಾವನ ಹೊಳೆ ನಡುವಿನ ನಡುಗಡ್ಡೆ, ಅದಕ್ಕೂ ದಾರಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಆದಂತೆ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಎಲ್ಲ ಬದಲಾಗುತ್ತದೆ. ಡ್ಯಾಮಿನ ಕ್ಯೂಸೆಕ್ ಲೆಕ್ಕ ಪುಟದಲ್ಲಿ ಹಾಕುವ ಯೋಚನೆ ಇತ್ತು, ಬಿಟ್ಟೆ. ಇಷ್ಟು ಸಾವಿರ ಕ್ಯೂಸೆಕ್ ಅಂದರೆ ಬೆಂಗಳೂರಿನಿಂದ ಬರುವವರಿಗೆ ಏನು ಗೊತ್ತಾಗಬೇಕು? ಅದರ ಬದಲು ಹೊಳೆಯಂಚಿನ ಪುರಂದರ ಮಂಟಪದ ಎರಡು ಫೋಟೋ ಹಾಕಿದೆ: ಬೇಸಿಗೆಯಲ್ಲಿ ಕಂಬಗಳು ಪೂರ್ತಿ ಕಾಣುವುದು ಒಂದು, ನೀರು ಚಾವಣಿವರೆಗೆ ಬಂದಿರುವುದು ಇನ್ನೊಂದು. ಮಂಟಪ ಮುಳುಗಿದ್ದರೆ ಬೋಟ್ ಕೇಳಲೇಬೇಡಿ ಎಂದು ಬರೆದರೆ ಯಾರಿಗಾದರೂ ಅರ್ಥವಾಗುತ್ತದೆ.

ಪುಟದ ತಲೆಯಲ್ಲಿ ಒಂದು ಸಾಲಿನ ಪಟ್ಟಿ ಇದೆ: ‘ಬೋಟ್ ಇದೆ’ ಅಥವಾ ‘ಬೋಟ್ ಇಲ್ಲ, ಸೇತುವೆ ಮೇಲೆ ಹೋಗಿ’, ಜೊತೆಗೆ ತಾರೀಖು. ವೆಬ್‌ಸೈಟ್ ನಡೆಸಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಒಂದೇ ಬ್ಲಾಕನ್ನು ಹಲವು ಪುಟಗಳಲ್ಲಿ ಬಳಸಬಹುದು. ಫೋನಿನಲ್ಲಿ ಒಂದು ಕಡೆ ಬದಲಿಸಿದರೆ ಬುಕಿಂಗ್ ಪುಟದಲ್ಲೂ ಬದಲಾಗುತ್ತದೆ. ಇಲ್ಲಿ ಒಂದು ತೊಂದರೆ: ನಾವು ಲಾಗಿನ್ ಆಗಿ ನೋಡುವಾಗ ಹೊಸ ಸಾಲು ಕಾಣುತ್ತದೆ, ಅತಿಥಿಗೆ ಮಾತ್ರ ನಿನ್ನೆಯದೇ ಕಾಣುತ್ತಿರುತ್ತದೆ. ವೆಬ್‌ಸೈಟ್ ಬೇಗ ತೆರೆಯಲೆಂದು ಹಾಕಿದ ಕ್ಯಾಶ್ ಪ್ಲಗಿನ್ ಹಳೆಯ ಪ್ರತಿಯನ್ನೇ ಕೊಡುವುದರಿಂದ ಹೀಗಾಗುತ್ತದೆ. ಬದಲಿಸಿದ ಕೂಡಲೇ ಕ್ಯಾಶ್ ಖಾಲಿ ಮಾಡಿ, ಲಾಗಿನ್ ಇಲ್ಲದ ಇನ್ನೊಂದು ಫೋನಿನಲ್ಲಿ ತೆರೆದು ನೋಡಬೇಕು.

ದಾರಿಗೂ ಹೊಳೆಯೇ ತೊಡಕು. ‘ಹಂಪಿ’ ಎಂದು ಮ್ಯಾಪಿಗೆ ಹಾಕಿಕೊಂಡು ಬರುವ ಕಾರುಗಳು ಆಚೆ ದಡದಲ್ಲಿ ನಿಂತು, ‘ನಿಮ್ಮ ಮನೆ ಎದುರಿಗೇ ಕಾಣುತ್ತಿದೆ, ಬರುವುದು ಹೇಗೆ’ ಎಂದು ಕೇಳುತ್ತವೆ. ಆದ್ದರಿಂದ ವಿಳಾಸದಲ್ಲಿ ‘ಹಂಪಿ ಹತ್ತಿರ’ ಎಂಬುದನ್ನು ತೆಗೆದೆ. ಅದರಿಂದ ಗೂಗಲ್ ಹುಡುಕಾಟದಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಪರವಾಗಿಲ್ಲ. ಹೊಸಪೇಟೆಯಿಂದ ಬರುವವರಿಗೆ ಎರಡು ದಾರಿ ಕೊಟ್ಟಿದ್ದೇನೆ: ಕಮಲಾಪುರ–ಬುಕ್ಕಸಾಗರ–ಕಡೆಬಾಗಿಲು ಒಂದು, ಹುಲಿಗಿ–ಸಾಣಾಪುರ ಇನ್ನೊಂದು. ಎರಡನೆಯದಕ್ಕೆ ಒಂದು ಷರತ್ತು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಜನ ಸೇರಿ ರಸ್ತೆ ತುಂಬುತ್ತದೆ, ಆವತ್ತು ಮೊದಲಿನ ದಾರಿಯೇ ವಾಸಿ.

ಮ್ಯಾಪಿನ ಪಿನ್ ಮನೆಯ ಚಾವಣಿ ಮೇಲೆ ಇಡಬಾರದು, ಗೇಟಿನ ಎದುರಿನ ರಸ್ತೆಯ ಮೇಲೆ ಇಡಬೇಕು. ಇಲ್ಲದಿದ್ದರೆ ಹಿಂದಿನ ಓಣಿಯಿಂದ ಬರಲು ಹೇಳುತ್ತದೆ, ಆ ಓಣಿಯಲ್ಲಿ ಕಾರು ತಿರುಗುವುದಿಲ್ಲ. ಅಕ್ಷಾಂಶ, ರೇಖಾಂಶ ಬರೆಯುವಾಗ ಚುಕ್ಕಿಯ ನಂತರ ಐದು ಅಂಕಿ ಇರಲಿ, ಅದು ಸುಮಾರು ಒಂದು ಮೀಟರಿನ ನಿಖರತೆ. ಮೂರೇ ಅಂಕಿ ಇದ್ದರೆ ನೂರು ಮೀಟರ್ ಆಚೀಚೆ ಆಗುತ್ತದೆ. ಕೊನೆಯ ತಿರುವಿನ ಫೋಟೋವನ್ನು ಬರುವವರ ದಿಕ್ಕಿನಿಂದಲೇ, ಡ್ರೈವರ್ ಕಣ್ಣಿನ ಎತ್ತರದಲ್ಲಿ ತೆಗೆಯಬೇಕು, ಹಗಲಲ್ಲಿ ಒಂದು, ರಾತ್ರಿ ಒಂದು. ಗುರುತು ಹೇಳುವಾಗ ಫ್ಲೆಕ್ಸ್, ಚಹಾ ಗಾಡಿ ಬೇಡ, ನಾಳೆ ಇರುವುದಿಲ್ಲ. ಅಗಸೆ (ಊರ ಬಾಗಿಲು), ನೀರಿನ ಟ್ಯಾಂಕ್, ಗುಡಿಯ ಕಂಬ ಎಲ್ಲೂ ಹೋಗುವುದಿಲ್ಲ.

ದರಗಳ ವಿಷಯಕ್ಕೆ ನನ್ನ ನಿಯಮ ಸರಳ: ಸರ್ಕಾರ ಗೊತ್ತುಮಾಡಿದ ದರ ಬರೆಯುತ್ತೇನೆ, ಮಾತಿನ ಮೇಲೆ ನಿಲ್ಲುವ ದರ ಬರೆಯುವುದಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆನ್‌ಲೈನಿನಲ್ಲಿ ಸ್ವಲ್ಪ ಕಡಿಮೆ. ಒಂದೇ ಟಿಕೆಟಿನಲ್ಲಿ ಅದೇ ದಿನ ವಿಜಯವಿಠ್ಠಲ, ಕಮಲ ಮಹಲಿನ ರಾಣಿವಾಸದ ಆವರಣ, ಕಮಲಾಪುರದ ಮ್ಯೂಸಿಯಂ ಮೂರನ್ನೂ ನೋಡಬಹುದು. ಟಿಕೆಟನ್ನು ಎಸೆದು ಇನ್ನೊಮ್ಮೆ ಕೊಳ್ಳುವವರು ಬಹಳ, ಆದ್ದರಿಂದ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ. ಮ್ಯೂಸಿಯಂಗೆ ಶುಕ್ರವಾರ ರಜೆ. ಆಟೋ ಬಾಡಿಗೆ ಅಂಕಿ ಹಾಕಿದರೆ ಮಾತ್ರ ಜಗಳವೇ: ವೆಬ್‌ಸೈಟ್ ತೋರಿಸಿ ಅತಿಥಿ ವಾದಿಸುತ್ತಾರೆ, ಡ್ರೈವರ್ ನಮ್ಮ ಮೇಲೆ ಸಿಟ್ಟಾಗುತ್ತಾನೆ. ಬದಲಿಗೆ ಹತ್ತುವ ಮೊದಲು ಮಾತಾಡಿಕೊಳ್ಳಬೇಕಾದ್ದನ್ನು ಬರೆದಿದ್ದೇನೆ: ಎಷ್ಟು ಜಾಗ, ಎಷ್ಟು ಹೊತ್ತು ಕಾಯಬೇಕು, ಕೊನೆಗೆ ಎಲ್ಲಿ ಬಿಡಬೇಕು, ಆಚೆ ದಡದಲ್ಲೋ ಸೇತುವೆ ದಾಟಿ ಮನೆಗೋ.

ಎಚ್ಚರಿಕೆಗಳಿಗೆ ಕಾರಣ ಬರೆಯದಿದ್ದರೆ ಜನ ಕೇಳುವುದಿಲ್ಲ. ‘ಈಜಬೇಡಿ’ ಎಂದಷ್ಟೇ ಹಾಕಿದ್ದಾಗ ನೀರಿಗೆ ಇಳಿಯುವವರು ಇಳಿಯುತ್ತಲೇ ಇದ್ದರು. ಈಗ ಬರೆದಿರುವುದು: ಬಂಡೆಗಳ ಕೆಳಗೆ ನೀರು ಕೊರೆದ ಪೊಟರೆಗಳಿವೆ, ಮೇಲೆ ನಿಂತ ನೀರಿನಂತೆ ಕಂಡರೂ ಕೆಳಗೆ ಸೆಳೆತ ಇರುತ್ತದೆ, ಮೊಸಳೆಗಳಿವೆ, ಡ್ಯಾಮಿನಿಂದ ಬಿಟ್ಟ ನೀರು ಮಳೆ ಇಲ್ಲದ ದಿನವೂ ಏರುತ್ತದೆ. ಸಾಣಾಪುರದ ಕಡೆಗೂ ಇದೇ ಮಾತು. (ಈ ಹೊಳೆ ಡ್ಯಾಮಿನಿಂದ ಕಂಪ್ಲಿ ಸೇತುವೆವರೆಗೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನೀರಿಗೆ ಇಳಿಯದೆ ದಡದಲ್ಲಿ ಬೆಳಿಗ್ಗೆ ಸುಮ್ಮನೆ ಕೂತವರಿಗೆ ನೀರುನಾಯಿ ಕಂಡರೂ ಕಂಡಾವು.) ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು, ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಇಳಿದುಬಿಡಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇದ್ದರೆ ಮಂಗ ಕಸಿಯುತ್ತದೆ, ಬೆನ್ನಿಗೆ ಹಾಕುವ ಜಿಪ್ ಬ್ಯಾಗ್ ಒಳ್ಳೆಯದು. ಶನಿವಾರ ಜನ ಜಾಸ್ತಿ, ಹನುಮಮಾಲೆ ವಿಸರ್ಜನೆಯ ದಿನ ಕಾರು ಹೋಗುವುದೇ ಕಷ್ಟ. ಸ್ಮಾರಕಗಳಲ್ಲಿ ಡ್ರೋನ್ ಹಾರಿಸುವಂತಿಲ್ಲ, ಟ್ರೈಪಾಡಿಗೂ ಅನುಮತಿ ಬೇಕು. ಮದುವೆ ಮುಂಚಿನ ಫೋಟೋಶೂಟಿಗೆ ಬರುವ ಜೋಡಿಗಳು ಇದನ್ನು ಮೊದಲೇ ಓದಿರಬೇಕು.

ವಿರೂಪಾಪುರ ಗಡ್ಡೆಯ ಬಗ್ಗೆ ಬೇರೆ ಕಡೆಯ ಹಳೆಯ ಬರಹ ಓದಿಕೊಂಡು ಬರುವವರು ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟುಗಳನ್ನು 2020ರಲ್ಲೇ ತೆರವು ಮಾಡಲಾಗಿದೆ ಎಂಬ ಒಂದು ಸಾಲು ಎಷ್ಟೋ ಫೋನುಗಳನ್ನು ಉಳಿಸಿತು.

ಊಟದ ಪಟ್ಟಿ ಚಿಕ್ಕದು. ಒಗ್ಗರಣೆ ಮಿರ್ಚಿ ಎಲ್ಲಿ, ಎಷ್ಟು ಗಂಟೆಯೊಳಗೆ ಹೋದರೆ ಬಿಸಿ ಸಿಗುತ್ತದೆ, ಯಾವ ಖಾನಾವಳಿಗೆ ಯಾವ ದಿನ ರಜೆ, ಇಷ್ಟು ಸಾಕು. ಅಂಗಡಿಯವರ ಫೋನ್ ನಂಬರನ್ನು ಅವರನ್ನು ಕೇಳದೆ ಹಾಕಬಾರದು. ರಾತ್ರಿ ಹತ್ತಕ್ಕೆ ಫೋನ್ ಬಂದರೆ ಅವರು ನಮ್ಮನ್ನೇ ಬೈಯುವುದು.

‘ಕತ್ತಲಾದ ಮೇಲೆ’ ಭಾಗದಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108. ಹೊಸಪೇಟೆ ದೊಡ್ಡ ಊರೆಂದು ಅಲ್ಲಿಗೆ ಓಡಬೇಡಿ, ಹೊಳೆ ದಾಟದೆ ಹೋಗಬಹುದಾದದ್ದು ಗಂಗಾವತಿಯ ಸರ್ಕಾರಿ ಆಸ್ಪತ್ರೆ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಹಾವು ಕಚ್ಚಿದರೂ ಅಲ್ಲಿಗೇ, ಕಟ್ಟುವುದು ಕೊಯ್ಯುವುದು ಬೇಡ. ಜಿಲ್ಲೆ ಬೇರೆಯಾದ್ದರಿಂದ ಆಚೆ ಜಿಲ್ಲಾಡಳಿತದ ಆದೇಶ ಈಚೆಗೆ, ಈಚಿನದು ಆಚೆಗೆ ಅನ್ವಯಿಸುವುದಿಲ್ಲ. ‘ಹಂಪಿಯಲ್ಲಿ ನಿಷೇಧ’ ಎಂಬ ಸುದ್ದಿ ಬಂದಾಗ ಯಾವ ದಡದ್ದು ಎಂದು ನೋಡಿಯೇ ಪುಟಕ್ಕೆ ಹಾಕಬೇಕು.

ತಾಂತ್ರಿಕ ಕೆಲಸದಲ್ಲಿ ಹೆಚ್ಚು ಕೆಟ್ಟದ್ದು ಕನ್ನಡ ಅಕ್ಷರ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಇಂಗ್ಲಿಷ್ ಪುಟದಲ್ಲಿ ಆನೆಗುಂದಿ, ಹುಲಿಗಿ, ಹೊಸಪೇಟೆಗಳ ಎರಡು ಮೂರು ಬಗೆಯ ಸ್ಪೆಲ್ಲಿಂಗನ್ನೂ ಒಮ್ಮೊಮ್ಮೆ ಬರೆದಿದ್ದೇನೆ, ಜನ ಹುಡುಕುವುದು ಹಾಗೇ. ಫೋಟೋ ಒಂದೊಂದೂ 150 ಕೆಬಿ ದಾಟಬಾರದು. ಬಂಡೆಗಳ ನಡುವೆ ಸಿಗ್ನಲ್ ಒಂದು ಕಡ್ಡಿ ಇರುವಾಗ ಮ್ಯಾಪನ್ನು ಪುಟದೊಳಗೆ ಕೂರಿಸಿದರೆ ತೆರೆಯುವುದೇ ಇಲ್ಲ, ಅದಕ್ಕೆ ಲಿಂಕ್ ಮಾತ್ರ ಕೊಟ್ಟಿದ್ದೇನೆ. ನಂಬರ್ ಒತ್ತಿದರೆ ಫೋನ್ ಹೋಗುವಂತಿರಬೇಕು. ರೂಮಿನಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಪುಟಕ್ಕೆ ಹೋಗಬೇಕು, ಪಿಡಿಎಫ್‌ಗೆ ಅಲ್ಲ. ಪಿಡಿಎಫ್ ಇಳಿಸಿಕೊಂಡವರ ಫೋನಿನಲ್ಲಿ ಹೋದ ವರ್ಷದ ಸಮಯವೇ ಉಳಿದಿರುತ್ತದೆ.

ಪ್ರತಿ ಸಾಲಿನ ಹಿಂದೆ ಶೀಟಿನಲ್ಲಿ ಒಂದು ಗೆರೆ ಇದೆ: ವಿಷಯ, ಯಾರನ್ನು ಕೇಳಿದ್ದು, ಯಾವಾಗ ಕೇಳಿದ್ದು, ಮುಂದೆ ಯಾವಾಗ ಕೇಳಬೇಕು. ಬೋಟ್ ಮಳೆಗಾಲದಲ್ಲಿ ದಿನವೂ, ಟಿಕೆಟ್ ದರ ಮೂರು ತಿಂಗಳಿಗೊಮ್ಮೆ, ಖಾನಾವಳಿ ತಿಂಗಳಿಗೊಮ್ಮೆ. ಹಂಪಿ ಉತ್ಸವದ ತಾರೀಖು ವರ್ಷ ವರ್ಷಕ್ಕೂ ಬದಲಾಗುವುದರಿಂದ ಜಿಲ್ಲಾಡಳಿತ ಘೋಷಿಸುವವರೆಗೆ ಆ ಜಾಗ ಖಾಲಿಯೇ ಬಿಟ್ಟಿರುತ್ತೇನೆ. ಗಡುವು ಮೀರಿದ ಸಾಲನ್ನು ಮತ್ತೆ ಕೇಳಿ ಖಾತ್ರಿಯಾಗುವವರೆಗೆ ಪುಟದಿಂದ ಮರೆಮಾಡುತ್ತೇನೆ.