ಬೆಂಗಳೂರು–ಮೈಸೂರು ಹೆದ್ದಾರಿ ಹತ್ತುವ ಮುನ್ನ ಟಯರ್ ನೋಡಿಕೊಳ್ಳುವ ಕ್ರಮ

ಎರಡು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮೈಸೂರಿನಿಂದ ಬೆಂಗಳೂರಿಗೆ ಮರಳುತ್ತಿದ್ದೆವು. ಮದ್ದೂರು ದಾಟಿ ಚನ್ನಪಟ್ಟಣ ಸಮೀಪಿಸುವಷ್ಟರಲ್ಲಿ ನಮ್ಮ ಕಾರಿನ ಹಿಂಬದಿಯ ಎಡ ಟಯರ್ ಒಡೆಯಿತು. ಕಾರಿನಲ್ಲಿ ಐದು ಜನರಿದ್ದೆವು, ಡಿಕ್ಕಿಯ ತುಂಬ ಸಾಮಾನಿತ್ತು, ವೇಗ ತೊಂಬತ್ತೈದರ ಆಸುಪಾಸಿನಲ್ಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಸರ್ವಿಸ್ ರಸ್ತೆಯ ಪಂಕ್ಚರ್ ಅಂಗಡಿಗೆ ಹೋದಾಗ, ಅಲ್ಲಿದ್ದ ಹಿರಿಯರು ಒಡೆದ ಟಯರನ್ನು ರಿಮ್ಮಿನಿಂದ ಬಿಡಿಸಿ ನೆಲದ ಮೇಲೆ ವಾಲಿಸಿದರು. ಒಳಗಿನಿಂದ ಕಾಫಿಪುಡಿಯಂಥ ಕಪ್ಪು ರಬ್ಬರ್ ಪುಡಿ ಒಂದು ಹಿಡಿಯಷ್ಟು ಸುರಿಯಿತು. "ಇದು ಮೊಳೆ ಚುಚ್ಚಿ ಒಡೆದಿದ್ದಲ್ಲ ಸಾರ್. ಗಾಳಿ ಕಮ್ಮಿ ಇಟ್ಕೊಂಡು ಓಡಿಸಿದ್ದೀರಿ, ಒಳಗೊಳಗೇ ಅರೆದು ಹೋಗಿದೆ" ಎಂದರು. ಅವರ ಮಾತು ನಿಜವಾಗಿತ್ತು. ನಾನು ಆ ಟಯರ್‌ಗಳ ಗಾಳಿ ನೋಡಿ ಏಳು ವಾರಗಳಾಗಿದ್ದವು.

119 ಕಿ.ಮೀ. ಉದ್ದದ ಈ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಕಾರುಗಳಿಗೆ ಇಲ್ಲಿ ಗಂಟೆಗೆ 100 ಕಿ.ಮೀ. ವೇಗಮಿತಿಯಿದೆ. ಊರೊಳಗಿನ ಓಡಾಟದಲ್ಲಿ ಸಿಗ್ನಲ್‌ಗೊಮ್ಮೆ, ಹಂಪ್‌ಗೊಮ್ಮೆ ಟಯರ್‌ಗೆ ವಿಶ್ರಾಂತಿ ಸಿಗುತ್ತದೆ. ಇಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಅದು ಒಂದೇ ಸಮನೆ ಉರುಳಬೇಕು. ನಗರದಲ್ಲಿ ತಿಂಗಳುಗಟ್ಟಲೆ ಕಾಣಿಸಿಕೊಳ್ಳದೆ ಉಳಿದ ದೋಷ ಇಂಥ ರಸ್ತೆಯಲ್ಲಿ ಅರ್ಧ ಗಂಟೆಯೊಳಗೆ ಹೊರಬೀಳುವುದು ಈ ಕಾರಣಕ್ಕೇ. ಟಯರ್ ಸುಸ್ಥಿತಿಯಲ್ಲಿದೆಯೇ ಎಂಬ ಪ್ರಶ್ನೆಯನ್ನು ಎಷ್ಟು ವೇಗದಲ್ಲಿ ಹೋಗುತ್ತೇನೆ ಎಂಬ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದು.

ಮೊದಲ ಕೆಲಸ ಗಾಳಿಯದು. ಗಾಳಿ ಕಡಿಮೆಯಾದಾಗ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗುವ ಹಾಗೆ ಇಲ್ಲಿಯೂ ಶಾಖ ಹುಟ್ಟುತ್ತದೆ, ರಬ್ಬರಿಗೂ ಒಳಗಿನ ದಾರಗಳಿಗೂ ಇರುವ ಬೆಸುಗೆ ಸಡಿಲಗೊಳ್ಳುತ್ತದೆ, ಕೊನೆಗೆ ಪದರಗಳು ಬೇರ್ಪಟ್ಟು ಟಯರ್ ಒಡೆಯುತ್ತದೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಿದರೆ ಟಯರ್ ಒಡೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನರಲ್ಲಿದೆ, ನನಗೂ ಇತ್ತು. ಸತ್ಯ ಅದಕ್ಕೆ ನೇರ ವಿರುದ್ಧವಾಗಿದೆ.

ಪೆಟ್ರೋಲ್ ಬಂಕಿನ ಹುಡುಗ "ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿದಾಗ ಬಾಯಿಗೆ ಬಂದ ಸಂಖ್ಯೆ ಹೇಳಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಥವಾ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಕಾರು ತಯಾರಕರ ಒಂದು ಚೀಟಿ ಅಂಟಿಸಿರುತ್ತದೆ. ಇಬ್ಬರು ಕುಳಿತಾಗ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಪೂರ್ತಿ ಭಾರವಿದ್ದಾಗ ಎಷ್ಟು ಎಂಬುದು ಅನೇಕ ಕಾರುಗಳ ಚೀಟಿಯಲ್ಲಿ ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಕುಟುಂಬ ಸಮೇತ ಹೊರಟಾಗ ಎರಡನೆಯ ಸಂಖ್ಯೆಯನ್ನೇ ಅನುಸರಿಸಬೇಕು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡವು ಆ ಟಯರ್ ತಾಳುವ ಗರಿಷ್ಠ ಮಿತಿ. ನೀವು ತುಂಬಿಸಬೇಕಾದ ಅಳತೆ ಅದಲ್ಲ.

ಗಾಳಿಯನ್ನು ಟಯರ್ ತಣ್ಣಗಿದ್ದಾಗಲೇ ಅಳೆಯಬೇಕು. ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ತಾಪಮಾನ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಹೀಗಾಗಿ ರಾಮನಗರದಲ್ಲಿ ತಿಂಡಿಗೆ ನಿಲ್ಲಿಸಿದಾಗ ಅಳೆದರೆ ಗಾಳಿ ಹೆಚ್ಚಾಗಿರುವಂತೆ ಕಾಣುವುದು ಸಹಜ. ಆಗ ಗಾಬರಿಯಾಗಿ ಗಾಳಿ ಬಿಟ್ಟರೆ, ಟಯರ್ ತಣಿದ ಮೇಲೆ ಒತ್ತಡ ಬೇಕಾದುದಕ್ಕಿಂತ ಕೆಳಗಿಳಿದಿರುತ್ತದೆ. ಒಂದು ಸಣ್ಣ ಗೇಜ್ ಮನೆಯಲ್ಲಿಟ್ಟುಕೊಂಡು, ಹೊರಡುವ ದಿನ ಬೆಳಿಗ್ಗೆ ಸ್ಟೆಪ್ನಿಯೂ ಸೇರಿದಂತೆ ಐದನ್ನೂ ನೀವೇ ನೋಡುವುದು ಉತ್ತಮ. ನೈಟ್ರೋಜನ್ ತುಂಬಿಸಿದ್ದೇನೆ ಎಂದು ಈ ಕೆಲಸ ಬಿಡುವಂತಿಲ್ಲ. ಸಾಮಾನ್ಯ ಗಾಳಿಯಲ್ಲಿಯೂ ಶೇ. 78ರಷ್ಟು ಇರುವುದು ನೈಟ್ರೋಜನ್ನೇ.

ನಂತರ ಟಯರಿನ ಮೈ ನೋಡಿ. ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈಯ ಕಾಲುವೆಗಳ ತಳದಲ್ಲಿ ಅಡ್ಡಡ್ಡ ಸಣ್ಣ ದಿಣ್ಣೆಗಳಿರುತ್ತವೆ. ಸುತ್ತಲಿನ ರಬ್ಬರ್ ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿ.ಮೀ. ಮಾತ್ರ. ಕಾರಿನ ಟಯರಿಗೆ ಕಾನೂನು ಒಪ್ಪುವ ಕನಿಷ್ಠ ಆಳ ಅದೇ. ಮಳೆಗಾಲದಲ್ಲಿ ಅದಕ್ಕೂ ಮೊದಲೇ, 3 ಮಿ.ಮೀ. ಇರುವಾಗಲೇ ಬದಲಾಯಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಬೇಕು. ಪಕ್ಕದ ಗೋಡೆಯ ಮೇಲೆ ಅಂಗೈಯಾಡಿಸಿ. ಗುಂಡಿಗೆ ಬಿದ್ದು ಒಳಗಿನ ದಾರ ಹರಿದ ಕಡೆ ಉಬ್ಬು ಕೈಗೆ ತಗಲುತ್ತದೆ. ಅಂಥ ಟಯರಿಗೆ ರಿಪೇರಿಯೆಂಬುದಿಲ್ಲ, ಅದನ್ನು ಹೆದ್ದಾರಿಗೆ ತರಲೇಬಾರದು. ಹುಟ್ಟಿದ ದಿನವೂ ಟಯರಿನ ಮೇಲೆಯೇ ಇದೆ: 3519 ಎಂಬ ನಾಲ್ಕಂಕಿ ಕಂಡರೆ ಅದು 2019ರ ಮೂವತ್ತೈದನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡಿಸದೆ ನಿಲ್ಲಿಸಿಟ್ಟ ಕಾರಿನಲ್ಲೂ ರಬ್ಬರ್ ಒಣಗಿ ಬಿರುಕು ಬಿಡುತ್ತದೆಯಾದ್ದರಿಂದ, ಆರು ವರ್ಷ ದಾಟಿದ ಟಯರನ್ನು ಬಟನ್ (ಟ್ರೆಡ್) ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ.

ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯ ಕೊನೆಯಲ್ಲಿ ಅದು ತಾಳುವ ಗರಿಷ್ಠ ವೇಗ ಸೂಚಿಸುವ ಅಕ್ಷರವಿರುತ್ತದೆ, ಅದರ ಬಗ್ಗೆ ಯುವಕರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. 'ಟಿ' ಎಂದರೆ ಗಂಟೆಗೆ 190, 'ಎಚ್' ಎಂದರೆ 210 ಕಿ.ಮೀ. ಎಂಬುದು ಸರಿ. ಆದರೆ ಆ ಸಂಖ್ಯೆಯು ಸರಿಯಾದ ಗಾಳಿ ತುಂಬಿದ, ಪೆಟ್ಟು ತಿನ್ನದ ಟಯರಿಗೆ ಸಂಬಂಧಿಸಿದ್ದು. ರಾತ್ರಿ ಖಾಲಿ ರಸ್ತೆಯಲ್ಲಿ 150 ಮುಟ್ಟಿಸಲು ಅದು ಕೊಟ್ಟ ಪರವಾನಗಿಯಲ್ಲ.

ವೇಗದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದರೆ ಮನಸ್ಸಿಗೆ ನಾಟುತ್ತದೆ. ಒಣ ರಸ್ತೆ, ಒಳ್ಳೆಯ ಟಯರ್, ಅಪಾಯ ಕಂಡು ಬ್ರೇಕ್ ತುಳಿಯಲು ಒಂದೇ ಸೆಕೆಂಡು ಎಂದುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರು ಸುಮಾರು 37 ಮೀಟರ್‌ಗೆ ನಿಲ್ಲುತ್ತದೆ, 100ರಲ್ಲಿದ್ದದ್ದು 83 ಮೀಟರ್‌ಗೆ, 120ರಲ್ಲಿದ್ದದ್ದು 112 ಮೀಟರ್‌ಗೆ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ಬರುತ್ತಿವೆ, ಒಂದು ನೂರರಲ್ಲಿ, ಇನ್ನೊಂದು ನೂರಿಪ್ಪತ್ತರಲ್ಲಿ. ಎದುರಿಗೆ ಕೆಟ್ಟು ನಿಂತ ಲಾರಿ ಕಂಡು ಇಬ್ಬರೂ ಒಂದೇ ಕ್ಷಣದಲ್ಲಿ ಬ್ರೇಕ್ ಹಾಕುತ್ತಾರೆ. ನೂರರ ಕಾರು ಲಾರಿಯ ಹಿಂದೆ ಕೂದಲೆಳೆಯ ಅಂತರದಲ್ಲಿ ನಿಂತಾಗ, ಅದೇ ಜಾಗವನ್ನು ಮುಟ್ಟುವ ಇನ್ನೊಂದು ಕಾರಿನ ವೇಗ ಇನ್ನೂ 70 ಕಿ.ಮೀ.ಗಿಂತ ಹೆಚ್ಚಿರುತ್ತದೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ ಜಾರಿಗೆ ಬಂದಾಗ ಅದನ್ನು ಕಿರುಕುಳವೆಂದವರಿದ್ದರು. ಈ ಲೆಕ್ಕ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ.

ಮಳೆ ಬಂದರೆ ಈ ಅಂಕಿಗಳೂ ಉಳಿಯುವುದಿಲ್ಲ. ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿಯ ಮೇಲೆ ನೀರು ನಿಂತದ್ದು ಹಲವರಿಗೆ ನೆನಪಿರಬಹುದು. ಸವೆದ ಟಯರಿನ ಕಾಲುವೆಗಳು ಅಷ್ಟು ನೀರನ್ನು ಹೊರದಬ್ಬಲಾರವು. ವೇಗ ಹೆಚ್ಚಿದ್ದರೆ ಚಕ್ರ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಗಾಳಿ ಕಡಿಮೆಯಿದ್ದಷ್ಟೂ ಬೇಗ ತೇಲುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತೆಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರವಾಗಿ ಹಿಡಿದು, ಹಿಡಿತ ಮರಳುವವರೆಗೆ ಕಾಯಬೇಕು.

ಟಯರ್ ಒಡೆದಾಗಲೂ ಕ್ರಮ ಹೆಚ್ಚುಕಡಿಮೆ ಇದೇ. ದೊಡ್ಡ ಸದ್ದು ಕೇಳಿಸಿ ಕಾರು ಒಂದು ಕಡೆಗೆ ಎಳೆದಾಗ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ, ಅದನ್ನು ತಡೆಯಬೇಕು. ಎರಡೂ ಕೈಗಳಿಂದ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕಾರನ್ನು ನೇರ ಸಾಲಿನಲ್ಲಿಡಿ, ಆಕ್ಸಿಲರೇಟರನ್ನು ನಿಧಾನವಾಗಿ ಬಿಡಿ, ವೇಗ ಸಾಕಷ್ಟು ಇಳಿದ ಮೇಲೆ ಮೃದುವಾಗಿ ಬ್ರೇಕ್ ಒತ್ತಿ ಎಡ ಅಂಚಿಗೆ ಬನ್ನಿ. ಹಜಾರ್ಡ್ ದೀಪ ಹಾಕಿ, ಎಲ್ಲರನ್ನೂ ಎಡಬದಿಯ ಬಾಗಿಲಿನಿಂದ ಇಳಿಸಿ ತಡೆಬೇಲಿಯ ಆಚೆ ಕಳುಹಿಸಿ. ಮಕ್ಕಳನ್ನು ಕಾರಿನಲ್ಲೇ ಕೂರಿಸಿ ಜಾಕ್ ಹಚ್ಚುವುದನ್ನು ನಾನು ಈ ರಸ್ತೆಯಲ್ಲಿ ಹಲವು ಸಲ ನೋಡಿದ್ದೇನೆ, ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಚಕ್ರ ಬದಲಾಯಿಸುವ ಸಾಹಸಕ್ಕೆ ಹೋಗದೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದಾಗಿದ್ದರೆ ಅದರ ಮೇಲೆ ಸಾಮಾನ್ಯವಾಗಿ 80 ಕಿ.ಮೀ. ಮಿತಿ ಬರೆದಿರುತ್ತದೆ, ಅದನ್ನು ಹಾಕಿಕೊಂಡು ಬೆಂಗಳೂರು ತಲುಪುವ ಬದಲು ಮುಂದಿನ ನಿರ್ಗಮನದಲ್ಲಿ ಸರ್ವಿಸ್ ರಸ್ತೆಗೆ ಇಳಿದು ಟಯರ್ ಅಂಗಡಿ ಹುಡುಕಿ.