ಅಲಾಯ್ ರಿಮ್ಮಿನ ಬಿಳಿ ಹುಡಿ: ಮೂಡಿಗೆರೆ ಮಳೆಯಲ್ಲಿ ನಿಂತ ನನ್ನ ರಿಪೇರಿ

ಅಲಾಯ್‌ಗೆ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮಿಗೆ, ತುಕ್ಕು ಹಿಡಿಯಲ್ಲ ಅಂತ ಹೇಳಿ ಗಾಡಿ ಮಾರುತ್ತಾರೆ. ಮೂಡಿಗೆರೆಯಲ್ಲಿ ಎರಡು ಮಳೆಗಾಲ ಓಡಿಸಿದರೆ ಸಾಕು, ನಿಜ ಗೊತ್ತಾಗುತ್ತದೆ. ಕೆಂಪು ತುಕ್ಕು ಬರುವುದಿಲ್ಲ, ಸರಿ. ಆದರೆ ಕ್ಲಿಯರ್ ಕೋಟಿನ (ಮೇಲಿನ ಪಾರದರ್ಶಕ ಲೇಪದ) ಅಡಿಯಲ್ಲಿ ಬಿಳಿ ಎಳೆಗಳು ಹರಿದಾಡುತ್ತವೆ, ಆಮೇಲೆ ಗುಳ್ಳೆ ಏಳುತ್ತದೆ, ಉಗುರಲ್ಲಿ ಕೆರೆದರೆ ಬಿಳಿ ಹುಡಿ ಉದುರುತ್ತದೆ. ಲೇತ್‌ನಲ್ಲಿ ಕಡೆದು ಮುಖಕ್ಕೆ ಹೊಳಪು ತಂದ ಡೈಮಂಡ್ ಕಟ್ ರಿಮ್ಮಿಗೆ ಇದು ಇನ್ನೂ ಬೇಗ. ಅದರ ಮುಖದ ಮೇಲೆ ಬರೀ ಕ್ಲಿಯರ್ ಇರುತ್ತದೆ, ಕೆಳಗೆ ಪೇಂಟ್ ಇರಲ್ಲ ಅಲ್ವಾ.

ನಮ್ಮ ಕಡೆ ಪೇಂಟರ್‌ಗಳದ್ದು ಒಂದೇ ಮಾತು. 'ಒಂದು ಸಲ ಶುರುವಾದರೆ ಮುಗೀತು, ಆರು ತಿಂಗಳಿಗೆ ವಾಪಸ್ ಬರುತ್ತೆ, ಸುಮ್ನೆ ದುಡ್ಡು ದಂಡ, ಹೊಸ ರಿಮ್ ಹಾಕಿಸಿ.' ನಾನು ಮಾಡಿಕೊಟ್ಟ ರಿಮ್ಮುಗಳು ಈಗ ಮೂರನೇ ಮಳೆ ಕಾಣುತ್ತಿವೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೆರೆದು, ಪುಟ್ಟಿ ಹಾಕಿ, ಪ್ರೈಮರ್, ಸಿಲ್ವರ್, ಕ್ಲಿಯರ್. ಜೂನ್‌ಗೆ ಮುಂಚೆ ಕೊಟ್ಟದ್ದು ದೀಪಾವಳಿಗೆ ಗುಳ್ಳೆ ಎದ್ದು ಬಂತು. ಹಣ ವಾಪಸ್ ಕೊಟ್ಟೆ. ಆಮೇಲೆ ಪೌಡರ್ ಕೋಟಿಂಗ್ (ಪೇಂಟಿನ ಪುಡಿ ಹಾಕಿ ಒವನ್‌ನಲ್ಲಿ ಕರಗಿಸುವುದು) ಗಟ್ಟಿ ಅಂತ ಕೇಳಿ ಒಂದು ಸೆಟ್ ಹಾಸನಕ್ಕೆ ಕಳಿಸಿದೆ. ರಿಮ್ಮಿಗೆ 1,300 ರೂಪಾಯಿ ಹತ್ತಿರ, ಜೊತೆಗೆ ಗಾಡಿ ಬಾಡಿಗೆ. ಅವರು ಗೇಟು, ಗ್ರಿಲ್ ಬ್ಲಾಸ್ಟ್ ಮಾಡಿದ (ಗಾಳಿಯ ಒತ್ತಡದಲ್ಲಿ ಎರಚಿ ಕೆರೆದ) ಹರಳಿನಲ್ಲೇ ಇದನ್ನೂ ಬ್ಲಾಸ್ಟ್ ಮಾಡಿದ್ದರು. ಕಬ್ಬಿಣದ ಚೂರು ಅಲ್ಯೂಮಿನಿಯಂ ಒಳಗೆ ಕೂತರೆ ಮುಂದಿನ ತಿಂದುಹೋಗುವಿಕೆಗೆ ನಾವೇ ಬೀಜ ಬಿತ್ತಿದ ಹಾಗೆ. ಇನ್ನೊಂದು ವಿಷಯ, ಎರಕದ ರಿಮ್ಮಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಪೌಡರ್ ಹಾಕುವ ಮುಂಚೆ ಖಾಲಿ ರಿಮ್ಮನ್ನೇ ಒಂದು ಸಲ ಒವನ್‌ನಲ್ಲಿಟ್ಟು ಒಳಗಿನ ಗಾಳಿ ಬಿಡಿಸಬೇಕು. ಬಿಡಿಸಿರಲಿಲ್ಲ. 180, 200 ಡಿಗ್ರಿಯಲ್ಲಿ ಪೌಡರ್ ಕರಗುವಾಗ ಆ ಗಾಳಿ ಹೊರಗೆ ನುಗ್ಗಿ ಸೂಜಿ ತೂತು ಮಾಡಿತು. ಮಳೆ ನೀರಿಗೆ ಅಷ್ಟೇ ದಾರಿ ಸಾಕು. ಅದೂ ಹೋಯಿತು.

ಲೇತ್‌ನಲ್ಲಿ ಹೊಸದಾಗಿ ಡೈಮಂಡ್ ಕಟ್ ಮಾಡಿಸುವುದನ್ನೂ ನೋಡಿದೆ, ಬೆಂಗಳೂರಿಗೆ ಕಳಿಸಿ. ರಿಮ್ಮಿಗೆ ಮೂರು ಸಾವಿರದ ಮೇಲೆ. ಕನ್ನಡಿ ಥರ ಹೊಳೆಯಿತು, ನಿಜಕ್ಕೂ. ಆದರೆ ನಮ್ಮ ಮಳೆಗೆ ಆ ಬರೀ ಕ್ಲಿಯರ್ ತಡೆಯಲಿಲ್ಲ. ಪ್ರತಿ ಸಲ ಕಟ್ ಮಾಡಿದಾಗ ಒಂದಿಷ್ಟು ಲೋಹವೂ ಹೋಗುತ್ತದೆ. ಈಗ ಯಾರಾದರೂ ಆ ಹೊಳಪೇ ಬೇಕು ಅಂದರೆ ನಾನು ಕೆಲಸ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಸಿಲ್ವರ್ ಅಥವಾ ಗನ್ ಮೆಟಲ್, ಅಷ್ಟೇ.

ವಿಷಯ ಇರುವುದು ಗುಳಿಯಲ್ಲಿ. ರಿಮೂವರ್ ಹಚ್ಚಿ ಪೇಂಟ್ ತೆಗೆದು, 80 ನಂಬರ್ ಪೇಪರ್ ಹೊಡೆದ ಮೇಲೆ ರಿಮ್ ಬೆಳ್ಳಗೆ ಕಾಣುತ್ತದೆ. ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ. ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಅಲ್ಲಲ್ಲಿ ಉಳಿದಿರುತ್ತವೆ. ಅದು ಕೊಳೆಯಲ್ಲ, ಇನ್ನೂ ಕೆಲಸ ಮಾಡುತ್ತಿರುವ ಗುಳಿ. ಒಳಗೆ ಉಪ್ಪಿನ ಅಂಶವೂ ತೇವವೂ ಇರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಪ್ರೈಮರ್ ಹೊಡೆದರೂ ಒಳಗಿನಿಂದ ಎದ್ದು ಬರುತ್ತದೆ. ನಾನು ಒಂದೊಂದು ಚುಕ್ಕೆಯನ್ನೂ ಡೈ ಗ್ರೈಂಡರ್‌ನಲ್ಲಿ (ಕೈಯಲ್ಲಿ ಹಿಡಿಯುವ ಸಣ್ಣ ಉಜ್ಜುವ ಯಂತ್ರ), ಬಿಳಿ ಲೋಹ ಸಿಗುವವರೆಗೆ ಬಿಡಿಸುತ್ತೇನೆ. ಕಬ್ಬಿಣದ ವೈರ್ ಬ್ರಷ್ ಈ ಕೆಲಸಕ್ಕೆ ಮುಟ್ಟಬೇಡಿ. ಆಮೇಲೆ ಸೋಪು, ಆಮೇಲೆ ಬಿಸಿ ಬಿಸಿ ನೀರು, ಮತ್ತೆ ಮತ್ತೆ. ಬೋರ್‌ವೆಲ್ ನೀರು ಬೇಡ, ನಾನು ಮಳೆ ನೀರು ಹಿಡಿದಿಟ್ಟುಕೊಳ್ಳುತ್ತೇನೆ. ಮೂಡಿಗೆರೆಯಲ್ಲಿ ಅದೊಂದಕ್ಕೆ ಬರವಿಲ್ಲ. ಕೊನೆಯ ನೀರಿಗೆ ಒಂದು ಸಾಮಾನು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಂಗಡಿ ನಡೆಯಬೇಕಲ್ಲ.

ಒಣಗಿಸುವುದು ದೊಡ್ಡ ತಲೆನೋವಾಗಿತ್ತು. ಜುಲೈನಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಗುಜರಿಯಿಂದ ಹಳೇ ಕಬ್ಬಿಣದ ಬೀರು ತಂದು, ಶೆಲ್ಫ್ ಕಿತ್ತು, ಕೆಳಗೆ ಹ್ಯಾಲೊಜನ್ ಬಲ್ಬು ಕೂರಿಸಿ, ಮೇಲೆ ತೂತು ಬಿಟ್ಟೆ. ಎಲ್ಲಾ ಸೇರಿ ಮೂರೂವರೆ ಸಾವಿರ ಆಗಿರಬಹುದು. ಒಳಗೆ 80, 90 ಡಿಗ್ರಿ ಬರುತ್ತದೆ. ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ತೆಗೆದು, ರಿಮ್ ಕೈಗೆ ಬೆಚ್ಚಗೆ ಇರುವಾಗಲೇ ಎಪಾಕ್ಸಿ ಪ್ರೈಮರ್ ಹೊಡೆಯುತ್ತೇನೆ. 'ಬಿಸಿ ರಿಮ್ಮಿಗೆ ಹೊಡೀತೀಯಾ? ಗುಳ್ಳೆ ಬರುತ್ತೆ ನೋಡ್ತಿರು' ಅಂತ ಪಕ್ಕದ ಪೇಂಟರ್ ನಕ್ಕಿದ್ದ. ಬಿಸಿ ಬೇರೆ, ಬೆಚ್ಚಗೆ ಬೇರೆ. ತಣ್ಣಗಾಗಲು ಬಿಟ್ಟರೆ ನಮ್ಮ ಗಾಳಿಯ ತೇವ ಮತ್ತೆ ಲೋಹದ ಮೇಲೆ ಕೂರುತ್ತದೆ, ಹಿಂದಿನ ಕೆಲಸ ಎಲ್ಲಾ ನೀರುಪಾಲು. ಈಗ ಅವನ ಅಂಗಡಿಯಿಂದಲೇ ನನಗೆ ರಿಮ್ ಬರುತ್ತವೆ.

ನಟ್ ಕೂರುವ ಜಾಗ ಮತ್ತು ಹಬ್‌ಗೆ (ಗಾಡಿಯಲ್ಲಿ ಚಕ್ರ ಕೂರುವ ಭಾಗಕ್ಕೆ) ತಾಗುವ ಮುಖಕ್ಕೆ ಟೇಪ್ ಹಾಕಿ. ಅಲ್ಲಿ ಪೇಂಟ್ ದಪ್ಪ ಕೂತರೆ ಆಮೇಲೆ ಅದು ಕುಗ್ಗಿ ನಟ್ ಸಡಿಲವಾಗುತ್ತದೆ. ಟೈರಿನ ಬೀಡ್ ಕೂರುವ ಅಂಚಿಗೆ ತೆಳ್ಳಗೆ ಒಂದೇ ಕೈ. ವಾರಕ್ಕೆ ನಾಲ್ಕೈದು ಪಾಯಿಂಟ್ ಗಾಳಿ ಇಳಿಯುತ್ತೆ, ಪಂಚರ್ ಅಂಗಡಿಯಲ್ಲಿ ಮೊಳೆ ಸಿಗುತ್ತಿಲ್ಲ ಅಂತ ಬರುತ್ತಾರಲ್ಲ, ಅದರಲ್ಲಿ ಎಷ್ಟೋ ಕೇಸು ಈ ಅಂಚಿನದ್ದೇ. ತೊಟ್ಟಿಯಲ್ಲಿ ಮುಳುಗಿಸಿದರೆ ರಿಮ್ಮಿನ ಬುಡದಲ್ಲಿ ಸಾಲಾಗಿ ಸಣ್ಣ ಗುಳ್ಳೆ ಬರುತ್ತವೆ.

ಒಂದು ತೋಟದ ಎರಡು ಗಾಡಿ ಬಂದಿದ್ದವು. ಯಜಮಾನರ ಕಾರು, ರೈಟರ್ (ತೋಟದ ಕೆಲಸ ನೋಡಿಕೊಳ್ಳುವವರು) ಓಡಿಸುವ ಜೀಪು. ಅದೇ ರಸ್ತೆ, ಅದೇ ಮಳೆ. ಜೀಪಿನ ಹಿಂದಿನ ಬಲಗಡೆ ರಿಮ್ ಮಾತ್ರ ಹುಳ ತಿಂದಂತೆ ಆಗಿತ್ತು. ಗುಳಿಯ ತಳದಲ್ಲಿ ಸ್ವಲ್ಪ ಕೆಂಪು ಛಾಯೆ.

'ರೈಟ್ರೇ, ಈ ಮೂಲೆಯಲ್ಲಿ ಏನು ಇಡ್ತೀರಿ?'

'ಬೋರ್ಡೋ ಡ್ರಮ್ಮು, ಇನ್ನೇನು.'

ಅಲ್ಲಿಗೆ ಗೊತ್ತಾಯಿತು. ಬೋರ್ಡೋ ಅಂದರೆ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಔಷಧಿ, ಮೈಲುತುತ್ತದಲ್ಲಿ ಇರುವುದು ತಾಮ್ರ. ಸುಣ್ಣ ಸಾಕಾಯಿತಾ ಅಂತ ನೋಡಲು ತೋಟದವರು ಕತ್ತಿ ಅದ್ದುತ್ತಾರೆ, ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರ ಕೂರುತ್ತದೆ. ಅಲ್ಯೂಮಿನಿಯಂ ಮೇಲೂ ಹಾಗೇ ಕೂತು ಸುತ್ತಲಿನ ಲೋಹವನ್ನು ಕರಗಿಸುತ್ತದೆ. ಸುಣ್ಣ ಜಾಸ್ತಿಯಾದರೂ ಅಲ್ಯೂಮಿನಿಯಂಗೆ ಆಗಿಬರಲ್ಲ. ಪೊಟ್ಯಾಷ್ ಚೀಲ ಸೋರುವುದೂ ಅಷ್ಟೇ, ಅದು ಕ್ಲೋರೈಡ್. ಔಷಧಿ ಹೊಡೆದ ದಿನ ಸಂಜೆಯೇ ರಿಮ್ಮಿನ ಒಳಮೈಗೆ ಪೈಪ್ ನೀರು ಬಿಡಿ ಅಂತ ಹೇಳಿದೆ. ಆ ಜೀಪು ಆಮೇಲೆ ಈ ಕೆಲಸಕ್ಕೆ ಬಂದಿಲ್ಲ.

ವಾಟರ್ ಸರ್ವಿಸ್‌ನಲ್ಲಿ ರಿಮ್ ಬೆಳ್ಳಗೆ ಮಾಡಲು ಆಸಿಡ್ಡೋ ಕಾಸ್ಟಿಕ್ಕೋ ಹಾಕುತ್ತಾರೆ. ಬೇಡ ಅಂತ ಎದುರು ನಿಂತು ಹೇಳಿ. ಬ್ಯಾಲೆನ್ಸಿಂಗ್‌ನಲ್ಲಿ ಅಂಚಿಗೆ ಬಡಿದು ಕೂರಿಸುವ ಕ್ಲಿಪ್ ತೂಕವೂ ಬೇಡ, ಪೇಂಟ್ ಒಡೆಯುವುದು ಅಲ್ಲೇ ಮೊದಲು. ಒಳಗೆ ಅಂಟಿಸುವ ತೂಕ ಕೇಳಿ. 20, 30 ರೂಪಾಯಿ ಜಾಸ್ತಿ ಆಗಬಹುದು.

ನಡುವೆ ಏನೇನೋ ಮಾಡಿದೆ. ರಿಮ್ಮಿನ ಹಿಂಭಾಗಕ್ಕೆ ಜೇನುಮೇಣ ಕರಗಿಸಿ ಹಚ್ಚಿದೆ. ನೀರು ಚೆನ್ನಾಗಿ ಜಾರುತ್ತಿತ್ತು, ಆದರೆ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಬಿಸಿಗೆ ಮೆತ್ತಗಾಗಿ ಧೂಳೆಲ್ಲ ಅಂಟಿಕೊಂಡು ಬ್ಯಾಲೆನ್ಸ್ ಹೋಯಿತು. ಪಿಕಪ್‌ನ ಕಬ್ಬಿಣದ ರಿಮ್ಮಿಗೆ ಹುಣಸೆ ನೀರು ಹಾಕಿ ಇಟ್ಟೆ, ತುಕ್ಕು ಬಿಟ್ಟಿತು. ತೊಳೆದು ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಹಳದಿ ತಿರುಗಿತ್ತು! ಕಬ್ಬಿಣಕ್ಕೆ ಬ್ಲಾಸ್ಟ್ ಮಾಡಿ ಕೂಡಲೇ ಜಿಂಕ್ ಪ್ರೈಮರ್ ಹೊಡೆಯುವುದೇ ಸರಿ. ಅದೇ ಜಿಂಕ್ ಅಲಾಯ್ ಮೇಲೆ ನನಗೆ ಹಿಡಿಯಲಿಲ್ಲ, ಸಿಪ್ಪೆ ಎದ್ದು ಬಂತು.

ಖರ್ಚು ಹೇಳುತ್ತೇನೆ. ಎಪಾಕ್ಸಿ, ಹಾರ್ಡನರ್, ಪೇಂಟ್, ಪೇಪರ್, ಕರೆಂಟು ಸೇರಿ ರಿಮ್ಮಿಗೆ 400, 450 ಬೀಳುತ್ತದೆ. ಟೈರ್ ಬಿಚ್ಚಿ ಹಾಕುವುದು ಬೇರೆ. ನಾನು 1,500 ತೆಗೆದುಕೊಳ್ಳುತ್ತೇನೆ, ಗುಳಿ ಜಾಸ್ತಿ ಇದ್ದರೆ 1,800. ಜಾಸ್ತಿ ಅನ್ನುವವರಿಗೆ ಕಂಪನಿ ರಿಮ್ಮಿನ ರೇಟು ವಿಚಾರಿಸಿಕೊಂಡು ಬನ್ನಿ ಅನ್ನುತ್ತೇನೆ. ಬಿರುಕು ಬಿಟ್ಟ ರಿಮ್ ಎಷ್ಟು ಕೊಟ್ಟರೂ ಮುಟ್ಟುವುದಿಲ್ಲ. ಗ್ಯಾಸ್ ಇಟ್ಟು ಬೆಂಡ್ ತೆಗೆದದ್ದನ್ನೂ ವಾಪಸ್ ಕಳಿಸುತ್ತೇನೆ, ಆ ಬಿಸಿಗೆ ಅಲಾಯ್ ತನ್ನ ಗಟ್ಟಿತನ ಕಳೆದುಕೊಂಡಿರುತ್ತದೆ.

ಫಿಟ್ ಮಾಡುವಾಗ ಹಬ್ಬಿನ ತುಕ್ಕು ತಿಕ್ಕಿ ತೆಗೆದು, ನಡುವಿನ ಉಂಗುರಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಸವರಿ. ನಟ್ ಹಾಕುವ ಸ್ಟಡ್ಡಿಗೆ ಬೇಡ. ತಾಮ್ರದ ಗ್ರೀಸ್ ಬೇಡವೇ ಬೇಡ, ಕಾರಣ ಮೇಲೆ ಹೇಳಿದ್ದೇ. ನೂರು ಕಿಲೋಮೀಟರ್ ಒಳಗೆ ನಟ್ ಇನ್ನೊಂದು ಸಲ ಟೈಟ್ ನೋಡಿ. ಗಾಡಿಯ ಹೊಟ್ಟೆಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನು ಮೇ ತಿಂಗಳಲ್ಲೇ ಇಳಿಸಿ ನೋಡಿಕೊಳ್ಳಿ, ಅದರ ಬೋಲ್ಟಿಗೂ ಗ್ರೀಸ್ ಹಚ್ಚಿ. ಮಳೆಯಲ್ಲಿ ಘಾಟಿ ನಡುವೆ ಪಂಚರ್ ಆದಾಗ ಆ ಬೋಲ್ಟು ತಿರುಗದೆ ನನಗೆ ಫೋನ್ ಮಾಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.