ಹಿತ್ತಲ ನೊಣಕ್ಕೆ ಹೆಸರು ಹುಡುಕುವುದು ಹೇಗೆ?

ಕೊಡಗಿನ ತೋಟದ ಮನೆಗಳ ಹಿತ್ತಲಲ್ಲಿ ಮಳೆಗಾಲದ ಸೀಬೆ ಉದುರತೊಡಗಿದರೆ ಸಾಕು, ಹತ್ತು ಹಣ್ಣು ಬಿಡಿಸಿದರೆ ಏಳೆಂಟರಲ್ಲಿ ಬಿಳಿ ಹುಳು. ‘ಹಣ್ಣು ನೊಣದ ಕಾಟ’ ಎಂದು ಮಕ್ಕಳೂ ಹೇಳುತ್ತಾರೆ. ಯಾವ ಹಣ್ಣು ನೊಣ ಎಂದು ಕೇಳಿದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. ಸೀಬೆ, ಮಾವು, ಕಿತ್ತಳೆಗೆ ಬರುವುದು ಒಂದು ಗುಂಪು. ಹಾಗಲ, ಸೌತೆ, ಹೀರೆಗೆ ಬರುವುದು ಇನ್ನೊಂದು. ಬರಿಗಣ್ಣಿಗೆ ಎಲ್ಲವೂ ಕಣಜದ ಮರಿಯಂತೆ ಹಳದಿ–ಕಂದು. ಈ ಗುರುತು ತಪ್ಪಿದರೆ ದುಡ್ಡೂ ಹೋಗುತ್ತದೆ: ಮಾವಿನ ನೊಣದ ಗಂಡನ್ನು ಸೆಳೆಯುವ ಮೀಥೈಲ್ ಯುಜೆನಾಲ್ ಬಲೆಯನ್ನು ಹಾಗಲ ಚಪ್ಪರಕ್ಕೆ ಕಟ್ಟಿದರೆ ಚಪ್ಪರದ ನೊಣ ಅದರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆಯೇ ಸೆಳೆಮದ್ದು ಬೇಕು.

ನೊಣವೊಂದನ್ನು ಪ್ರಭೇದದ ಮಟ್ಟಕ್ಕೆ ಗುರುತಿಸುವುದು, ಅದು ನಿಜಕ್ಕೂ ಹೊಸದಾಗಿದ್ದರೆ ವಿಜ್ಞಾನಕ್ಕೆ ಒಪ್ಪುವಂತೆ ವಿವರಿಸುವುದು ಹೇಗೆಂದು ಇಲ್ಲಿ ನೋಡೋಣ. ಉದಾಹರಣೆಗೆ ಹಣ್ಣು ನೊಣವನ್ನೇ ಇಟ್ಟುಕೊಂಡಿದ್ದೇನೆ. ವಿಧಾನ ಯಾವ ನೊಣಕ್ಕೂ ಸಲ್ಲುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಹೊಸ ಪ್ರಭೇದ ಸಿಕ್ಕಿತು’ ಎಂಬುದು ಈ ಕೆಲಸದ ಕಟ್ಟಕಡೆಯ ವಾಕ್ಯ. ಅದಕ್ಕೆ ಮೊದಲು ಗೊತ್ತಿರುವ ನೊಣಗಳನ್ನೆಲ್ಲ ಒಂದೊಂದಾಗಿ ‘ಇದಲ್ಲ’ ಎಂದು ಬದಿಗೆ ಸರಿಸುತ್ತ ಬರಬೇಕು.

ಮೊದಲು ಅದು ನೊಣವೇ ನೋಡಿ

ರೆಕ್ಕೆ ಎಣಿಸಿ. ನೊಣಕ್ಕೆ ಒಂದೇ ಜೊತೆ. ಹಿಂದಿನ ಜೊತೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಿರುತ್ತವೆ, ಹಾರುವಾಗ ತೂಕ ಸರಿದೂಗಿಸಲು. ಈ ಲೆಕ್ಕದಲ್ಲಿ ಸೊಳ್ಳೆಯೂ ನೊಣಗಳ ಗಣಕ್ಕೇ ಸೇರಿದ್ದು. ಕಾಫಿ ಹೂ ಅರಳಿದಾಗ ಜೇನಿನ ನಡುವೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ ಪಟ್ಟೆಯ ಜೀವಿಗಳಲ್ಲಿ ಎಷ್ಟೋ ಸಿರ್ಫಿಡ್ ನೊಣಗಳು. ಮೀಸೆ ಗಿಡ್ಡ, ರೆಕ್ಕೆ ಎರಡೇ, ಕುಟುಕುವ ಮುಳ್ಳಿಲ್ಲ.

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ನೊಣಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಹಾಗಾಗಿ ನೇರವಾಗಿ ಪ್ರಭೇದಕ್ಕೆ ಹಾರದೆ ಕುಟುಂಬದಿಂದ ಶುರು ಮಾಡಿ. ಕೆಲವು ಕುಟುಂಬಗಳು ಮುಖ ನೋಡಿದರೇ ಗೊತ್ತಾಗುತ್ತವೆ. ನೆರಳಿರುವ ತೋಡಿನ ಬದಿಯ ಎಲೆಗಳ ಮೇಲೆ ಕೂರುವ ಕೋಲುಗಣ್ಣಿನ ನೊಣಕ್ಕೆ ತಲೆಯ ಎರಡೂ ಪಕ್ಕ ಕೊಂಬಿನಂತೆ ಚಾಚಿದ ಕೋಲು, ಆ ಕೋಲಿನ ತುದಿಯಲ್ಲಿ ಕಣ್ಣು. ಹಣ್ಣು ನೊಣದ ಕುಟುಂಬಕ್ಕೆ ರೆಕ್ಕೆಯ ಮೇಲಿನ ಪಟ್ಟೆ, ಕಲೆಗಳೇ ಮೊದಲ ಸುಳಿವು.

ಹಿಡಿಯುವುದಕ್ಕಿಂತ ಸಾಕುವುದು ಮೇಲು

ಬೀಸುಬಲೆ, ಹಳದಿ ತಟ್ಟೆಯಲ್ಲಿ ಸೋಪು ನೀರು, ಡೇರೆಯಂಥ ಮಲೇಸ್ ಬಲೆ ಎಲ್ಲವೂ ಆಗುತ್ತದೆ. ಆದರೆ ಜುಲೈ ಮಳೆಗೆ ಹಳದಿ ತಟ್ಟೆ ಅರ್ಧ ಗಂಟೆಯಲ್ಲಿ ತುಂಬಿ ಹರಿದು, ಸಿಕ್ಕ ನೊಣಗಳೆಲ್ಲ ಕಾಫಿ ಗಿಡದ ಬುಡಕ್ಕೆ ಹೋಗುತ್ತವೆ. ಅಂಚಿನ ಕೆಳಗೆ ರಂಧ್ರ ಕೊರೆದು ಸೊಳ್ಳೆಪರದೆಯ ತುಂಡು ಅಂಟಿಸಿ.

ಹಣ್ಣು ನೊಣವಾದರೆ ಇಷ್ಟೆಲ್ಲ ಬೇಡ. ಉದುರಿದ ಸೀಬೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಬೆರಳು ದಪ್ಪ ಒದ್ದೆ ಮರಳಿನ ಮೇಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ. ಬಲಿತ ಹುಳು ಹಣ್ಣಿನಿಂದ ಹೊರಬಂದು, ಮೈ ಬಾಗಿಸಿ ತಲೆ–ಬಾಲ ಸೇರಿಸಿ ಚಟ್ಟನೆ ಚಿಮ್ಮುತ್ತದೆ. ಡಬ್ಬಿಯ ಪಕ್ಕ ಕೂತರೆ ಬಟ್ಟೆಗೆ ಬಡಿಯುವ ಸದ್ದೂ ಕೇಳಿಸುತ್ತದೆ. ಆಮೇಲೆ ಮರಳಿಗಿಳಿದು ಕಂದು ಕೋಶವಾಗುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ನೊಣ ಹೊರಬರುತ್ತದೆ. ಬಂದ ಕೂಡಲೇ ಕೊಲ್ಲಬೇಡಿ. ಹೊಸ ನೊಣ ಪೇಲವ, ಮೆತ್ತಗೆ; ಹಳದಿ ಪಟ್ಟೆ, ಕಪ್ಪು ಗುರುತು ಇನ್ನೂ ಮೂಡಿರುವುದಿಲ್ಲ. ಸಕ್ಕರೆ ನೀರು ಅದ್ದಿದ ಹತ್ತಿ ಇಟ್ಟು ಮೂರು–ನಾಲ್ಕು ದಿನ ಸಾಕಿ. ಬಣ್ಣ ಕೂರುವ ಮೊದಲೇ ಒಣಗಿಸಿದ ಮಾದರಿ ಯಾವ ಗುರುತಿನ ಪಟ್ಟಿಗೂ ತಾಳೆಯಾಗುವುದಿಲ್ಲ. ಹೊಸ ಪ್ರಭೇದದ ಭ್ರಮೆ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಸಾಕುವುದರಿಂದ ಗಂಡು, ಹೆಣ್ಣು ಎರಡೂ ಸಿಗುತ್ತವೆ. ಯಾವ ಹಣ್ಣಿನಿಂದ ಬಂತೆಂಬುದಕ್ಕೆ ಸಾಕ್ಷಿಯೂ ಆಗುತ್ತದೆ. ಅದೇ ಡಬ್ಬಿಯಿಂದ ನಾಲ್ಕು ರೆಕ್ಕೆಯ ಸಣಕಲು ಜೀವಿ ಹೊರಬಂದರೆ ಅದು ನೊಣದ ಹುಳುವನ್ನು ತಿಂದು ಬೆಳೆದ ಪರಾವಲಂಬಿ ಕಣಜ. ಅದನ್ನೂ ಎತ್ತಿಡಿ, ಬೇರೆಯವರಿಗೆ ಬೇಕಾಗುತ್ತದೆ.

ಗಂಡು ಮಾತ್ರ ಸಾಕೆಂದರೆ ತುಳಸಿ ಎಲೆ ಜಜ್ಜಿ ಇಡಿ. ಅದರಲ್ಲಿ ಮೀಥೈಲ್ ಯುಜೆನಾಲ್ ಇರುವುದರಿಂದ ಮಾವಿನ ನೊಣದ ಗಂಡುಗಳು ಮುಗಿಬೀಳುತ್ತವೆ. ಈ ಸೆಳೆತವನ್ನು ಶಾಸ್ತ್ರೀಯವಾಗಿ ಮೊದಲು ದಾಖಲಿಸಿದ್ದು ನಮ್ಮ ದೇಶದಲ್ಲೇ: ಬಿಹಾರದ ಪೂಸಾದಲ್ಲಿ ಕೀಟತಜ್ಞನಾಗಿದ್ದ ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಬರುವುದನ್ನು ಬರೆದ, 1915ರಲ್ಲಿ ಅದರ ಹಿಂದಿನ ರಾಸಾಯನಿಕದ ಬಗ್ಗೆ ಬರೆದ.

ಎಲ್ಲಿ ಹಿಡಿಯುತ್ತೀರಿ ಎಂಬುದೂ ಮುಖ್ಯ. ಸ್ವಂತ ತೋಟದಲ್ಲಿ ತೊಂದರೆಯಿಲ್ಲ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಲ್ಲಿ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ನೊಣವನ್ನೂ ಎತ್ತುವಂತಿಲ್ಲ. ದೇವರಕಾಡಿನಲ್ಲಿ ಇಲಾಖೆಯ ಜೊತೆಗೆ ಊರವರನ್ನೂ ಕೇಳಬೇಕು. ಊರವರು ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಸೂಜಿ ಮತ್ತು ಚೀಟಿ

ಈಥೈಲ್ ಅಸಿಟೇಟ್ ಹನಿಸಿದ ಬಾಟಲಿಯಲ್ಲಿ ನೊಣ ಬೇಗ ಸಾಯುತ್ತದೆ. ಕೀಟಗಳಿಗೆಂದೇ ಸಿಗುವ ಸ್ಟೇನ್‌ಲೆಸ್ ಸ್ಟೀಲ್ ಸೂಜಿ ಬಳಸಿ. ಟೈಲರ್ ಅಂಗಡಿಯ ಗುಂಡುಸೂಜಿ ದಪ್ಪ, ಕೊಡಗಿನ ಥಂಡಿಗೆ ತುಕ್ಕು ಬೇರೆ. ಎದೆಯ ನಡುಗೆರೆಗೆ ಚುಚ್ಚಬಾರದು. ಸ್ವಲ್ಪ ಬಲಕ್ಕೆ ಚುಚ್ಚಿ. ಬಲಗಡೆಯ ರೋಮ, ಪಟ್ಟೆ ಹಾಳಾದರೂ ಎಡಗಡೆ ಪೂರ್ತಿ ಉಳಿಯುತ್ತದೆ. ಡಿಎನ್‌ಎ ಪರೀಕ್ಷೆಗೆ ಬೇಕೆಂದರೆ ಎರಡು–ಮೂರು ನೊಣಗಳನ್ನು 95 ಶೇಕಡ ಆಲ್ಕೋಹಾಲ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಮನೆಯವರ ಒಪ್ಪಿಗೆ ನಿಮಗೆ ಬಿಟ್ಟಿದ್ದು.

ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ನೊಣಕ್ಕಂತೂ ಎರಡೇ ದಿನ. ಒಲೆಯ ಮೇಲಿಟ್ಟರೆ ಮಸಿ ಕೂತು ಬಣ್ಣ ಕಾಣುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದು ಬಣ್ಣಗೆಟ್ಟಾಗ ಬದಲಿಸುತ್ತಿರಿ. ಇರುವೆಗೆ ಬೇರೆ ಕಾವಲು ಬೇಕು. ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಏನಾದರೂ ಎತ್ತರದ ಮೇಲಿಡಿ.

ಇನ್ನು ಚೀಟಿ. ನನ್ನ ಪ್ರಕಾರ ನೊಣಕ್ಕಿಂತ ಚೀಟಿಯೇ ದೊಡ್ಡದು. ದೇಶ, ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ–ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದವರ ಹೆಸರು, ಹಿಡಿದ ಬಗೆ ಅಥವಾ ಸಾಕಿದ ಹಣ್ಣು: ಇಷ್ಟೂ ಅದೇ ಸೂಜಿಯಲ್ಲಿ, ನೊಣದ ಕೆಳಗೆ ಇರಬೇಕು. ತಿಂಗಳನ್ನು ಅಕ್ಷರದಲ್ಲಿ ಅಥವಾ ರೋಮನ್ ಅಂಕಿಯಲ್ಲಿ ಬರೆಯಿರಿ. 5–6–2024 ಎಂದರೆ ಮೇ ತಿಂಗಳೋ ಜೂನೋ ಎಂದು ಪರದೇಶದವರಿಗೆ ತಿಳಿಯದು. ‘ಕೊಡಗು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಭಾಗಮಂಡಲದ ಮಳೆ ಎಲ್ಲಿ, ಕುಶಾಲನಗರದ ಒಣಹವೆ ಎಲ್ಲಿ, ಸಂಪಾಜೆ ಘಾಟಿಯ ಬುಡದ ಸೆಕೆ ಎಲ್ಲಿ! ಒಂದೇ ಜಿಲ್ಲೆಯ ಈ ಮೂರು ಕಡೆ ಒಂದೇ ನೊಣ ಇರಬೇಕೆಂದಿಲ್ಲ.

ಭೂತಗನ್ನಡಿಯಲ್ಲಿ ಏನು ನೋಡಬೇಕು

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಿಂದ ಕುಟುಂಬ, ಕೆಲವೊಮ್ಮೆ ಕುಲ (ಹತ್ತಿರದ ಪ್ರಭೇದಗಳ ಗುಂಪು) ಗೊತ್ತಾಗುತ್ತದೆ. ಪ್ರಭೇದಕ್ಕೆ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ಮುಖ, ಮೇಲಿನಿಂದ, ಪಕ್ಕದಿಂದ, ಬಿಡಿಸಿದ ರೆಕ್ಕೆ ಎಂದು ನಾಲ್ಕನ್ನೂ ತೆಗೆಯಿರಿ. ಬೆನ್ನಿನ ಒಂದೇ ಫೋಟೊ ಕಳಿಸಿ ‘ಇದ್ಯಾವ ನೊಣ ಹೇಳಿ ಸಾರ್’ ಎಂದರೆ ಯಾವ ತಜ್ಞರಿಗೂ ಕಷ್ಟ.

ಸೀಬೆಯಿಂದ ಬಂದ ನೊಣವನ್ನು ನೋಡೋಣ. ಎದೆಯ ಮೇಲ್ಭಾಗ ಕಪ್ಪು, ಎರಡೂ ಬದಿಗೆ ಒಂದೊಂದು ಹಳದಿ ಪಟ್ಟೆ, ಎದೆಯ ಹಿಂತುದಿಯ ತ್ರಿಕೋನ ಭಾಗ ಹಳದಿ. ಮುಖದಲ್ಲಿ ಎರಡು ಬಿಡಿಬಿಡಿ ಕಪ್ಪು ಚುಕ್ಕೆ. ರೆಕ್ಕೆಯ ಮುಂಚೂಣಿ ಅಂಚಿನುದ್ದಕ್ಕೂ ತುದಿಯವರೆಗೆ ತೆಳು ಕಂದು ಗೆರೆ. ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಪ್ಪು ಗುರುತು. ಇಷ್ಟೂ ಸೇರಿದರೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ರೆಕ್ಕೆಯ ಅಂಚಿನ ಗೆರೆ ತುಂಡಾಗಿ ತುದಿಯಲ್ಲಿ ಬರೀ ಕಲೆ ಉಳಿದು, ಮುಖದ ಚುಕ್ಕೆಗಳು ಅಡ್ಡಕ್ಕೆ ಎಳೆದು ಹೆಚ್ಚುಕಡಿಮೆ ಕೂಡಿದ್ದರೆ ಬ್ಯಾಕ್ಟ್ರೋಸೆರಾ ಕರೆಕ್ಟಾ. ತುದಿಯಲ್ಲಿ ಕಲೆ ಮಾತ್ರ ಇದ್ದು, ಮುಖದ ಚುಕ್ಕೆ ಬಿಡಿಯಾಗಿ, ಎದೆ ಕೆಂಗಂದು ಆಗಿದ್ದರೆ ಬ್ಯಾಕ್ಟ್ರೋಸೆರಾ ಜೊನಾಟಾ. ಹಾಗಲದಿಂದ ಬಂದದ್ದರ ಎದೆಯಲ್ಲಿ ಬದಿಯ ಎರಡರ ಜೊತೆ ನಡುವೆ ಮೂರನೇ ಹಳದಿ ಪಟ್ಟೆ, ರೆಕ್ಕೆಯಲ್ಲಿ ಅಡ್ಡ ನರದ ಮೇಲೆ ಕಂದು ಪಟ್ಟಿ ಇದ್ದರೆ ಜ್ಯೂಗೊಡಾಕಸ್ ಕುಕುರ್ಬಿಟೇ.

ಹೀಗೆ ‘ಇದ್ದರೆ ಇತ್ತ, ಇಲ್ಲದಿದ್ದರೆ ಅತ್ತ’ ಎಂದು ಎರಡೆರಡು ಕವಲಾಗಿ ಸಾಗುವ ಪಟ್ಟಿಗೆ ಕೀಲಿ ಎನ್ನುತ್ತಾರೆ. ದಕ್ಷಿಣ ಭಾರತದ ಹಣ್ಣು ನೊಣಗಳಿಗೆ ಸಚಿತ್ರ ಕೀಲಿ 2011ರಲ್ಲಿ ಪ್ರಕಟವಾಗಿದೆ. ಸಿರ್ಫಿಡ್ ಹಿಡಿದರೆ 1923ರಲ್ಲಿ ಬ್ರುನೆಟ್ಟಿ ಬರೆದ ಸಂಪುಟದಿಂದಲೇ ಶುರು ಮಾಡಬೇಕು. ಹಳತು, ಹೆಸರುಗಳು ಎಷ್ಟೋ ಬದಲಾಗಿವೆ, ಆದರೂ ತಪ್ಪಿಸಿಕೊಳ್ಳುವಂತಿಲ್ಲ.

ಹೊರಗಿನ ಗುರುತು ಸಾಲದಿದ್ದರೆ ಗಂಡಿನ ಹೊಟ್ಟೆಯ ತುದಿ ಕತ್ತರಿಸಿ, ಹತ್ತು ಶೇಕಡ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ನೆನೆಸಿ, ಮಾಂಸ ಕರಗಿದ ಮೇಲೆ ಗ್ಲಿಸರಿನ್ ಹನಿಯಲ್ಲಿ ಜನನಾಂಗದ ಆಕಾರ ನೋಡುತ್ತಾರೆ. ಎಷ್ಟೋ ನೊಣ ಕುಟುಂಬಗಳಲ್ಲಿ ಪ್ರಭೇದದ ತೀರ್ಪು ಸಿಗುವುದು ಅಲ್ಲಿಯೇ. ನೋಡಿದ ತುಣುಕನ್ನು ಎಸೆಯದೆ ಚಿಕ್ಕ ಶೀಶೆಯಲ್ಲಿ ಹಾಕಿ ಅದೇ ನೊಣದ ಸೂಜಿಗೆ ಸಿಕ್ಕಿಸಬೇಕು.

ಕೀಲಿಗೆ ಸಿಗದಿದ್ದರೆ

ಆಗಲೂ ಕುಣಿಯಬೇಡಿ. ಡಾರ್ಸಾಲಿಸ್‌ನ ಕಥೆಯನ್ನೇ ನೋಡಿ. 1912ರಲ್ಲಿ ಕೀಟತಜ್ಞ ಹೆಂಡೆಲ್ ತೈವಾನಿನ ನೊಣಗಳಿಗೆ ಇಟ್ಟ ಹೆಸರು ಅದು. 1994ರಲ್ಲಿ ಆಗ್ನೇಯ ಏಷ್ಯಾದ ಇಂಥದೇ ನೊಣಗಳಿಗೆ ಪಪಾಯೇ, ಫಿಲಿಪಿನೆನ್ಸಿಸ್ ಎಂದು ಬೇರೆ ಹೆಸರು ಬಂತು. ಆಫ್ರಿಕಾಕ್ಕೆ ನುಗ್ಗಿದ್ದಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂದು ಹೆಸರಾಯಿತು. ಬೇರೆ ಬೇರೆ ಹೆಸರಿದ್ದ ಕಾರಣ ದೇಶಗಳ ನಡುವೆ ಹಣ್ಣಿನ ವ್ಯಾಪಾರಕ್ಕೂ ಅಡ್ಡಿಯಾಯಿತು. ಕೊನೆಗೆ ಆಕಾರ, ಡಿಎನ್‌ಎ, ಪರಸ್ಪರ ಕೂಡುವಿಕೆ, ವಾಸನೆಯ ರಾಸಾಯನಿಕ ಎಲ್ಲವನ್ನೂ ಒಟ್ಟಿಗೆ ತೂಗಿ 2015ರಲ್ಲಿ ಆ ಮೂರೂ ಡಾರ್ಸಾಲಿಸ್ಸೇ ಎಂದು ತೀರ್ಮಾನಿಸಿದರು. ಇದರ ಎದೆಯ ಬಣ್ಣ ಕಪ್ಪಿನಿಂದ ಕೆಂಗಂದಿನವರೆಗೆ ಬದಲಾಗುತ್ತದೆ, ‘ಟಿ’ ಗುರುತು ಕೆಲವದರಲ್ಲಿ ಮಾಸಿರುತ್ತದೆ. ಆದ್ದರಿಂದ ಒಂದು ನೊಣ ಸಾಲದು. ಹತ್ತಿಪ್ಪತ್ತು ಬೇಕು, ಎರಡು ಮೂರು ಊರುಗಳದ್ದಾದರೆ ಒಳ್ಳೆಯದು.

ಈಗ ಕೊಡಗಿನಿಂದ ಹೊರಡಬೇಕು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಿ ದಾರಿ ಕೇಳಬಹುದು. ಹೋಲಿಸಿ ನೋಡಲು ಬೇಕಾದ ದೊಡ್ಡ ಸಂಗ್ರಹಗಳಿರುವುದು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಗಳಲ್ಲಿ. ಹತ್ತಿರದ ಪ್ರಭೇದಗಳ ಮೂಲ ವಿವರಣೆ ಓದಿ, ಸಾಧ್ಯವಾದರೆ ಮೂಲ ಮಾದರಿಯನ್ನೇ ಪಕ್ಕದಲ್ಲಿಟ್ಟು ನೋಡಬೇಕು.

ವಿವರಣೆ ಬರೆಯುವಾಗ

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆ ಇದೆ. ಅದರ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಒಂದೇ ಒಂದು ನೊಣವನ್ನು ಹೋಲೋಟೈಪ್ ಎಂದು ಆರಿಸಿ, ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡುತ್ತೇವೆಂದು ಲೇಖನದಲ್ಲೇ ಹೇಳಬೇಕು. ಮುಂದೆ ಜಗಳ ಬಂದರೆ ಹೆಸರು ಅಂಟಿರುವುದು ಆ ನೊಣಕ್ಕೇ. ಜೊತೆಗೆ ನೋಡಿದ ಉಳಿದವು ಪ್ಯಾರಾಟೈಪ್.

ವಿವರಣೆ ತಲೆಯಿಂದ ಬಾಲಕ್ಕೆ ಸಾಗುತ್ತದೆ: ತಲೆ, ಎದೆ, ರೆಕ್ಕೆ, ಕಾಲು, ಹೊಟ್ಟೆ, ಜನನಾಂಗ. ‘ಸುಂದರ’, ‘ಅಪರೂಪದ’, ‘ಸ್ವಲ್ಪ ದೊಡ್ಡ’ ಎಂಬ ಪದಗಳಿಗೆ ಇಲ್ಲಿ ಜಾಗವಿಲ್ಲ. ಮೈ ಉದ್ದ, ರೆಕ್ಕೆ ಉದ್ದ ಮಿಲಿಮೀಟರಿನಲ್ಲಿ. ಎಷ್ಟು ನೊಣ ಅಳೆದಿರಿ ಎಂಬುದೂ ಜೊತೆಗೆ. ರೋಮಗಳನ್ನು ಜೊತೆ ಜೊತೆಯಾಗಿ ಎಣಿಸಿ ಬರೆಯಿರಿ. ಎಲ್ಲಕ್ಕಿಂತ ಮುಖ್ಯ, ಇದಕ್ಕೆ ತೀರ ಹತ್ತಿರದ ಪ್ರಭೇದ ಯಾವುದು, ಅದರಿಂದ ಇದು ಎಲ್ಲಿ ಬೇರೆ ಎಂದು ಎರಡು ಮೂರು ಸಾಲಿನಲ್ಲಿ ಸ್ಪಷ್ಟವಾಗಿ ಹೇಳುವ ಭಾಗ. ‘ಮುಖದ ಚುಕ್ಕೆಗಳು ಬಿಡಿಯಾಗಿವೆ, ಅದರಲ್ಲಿ ಕೂಡಿವೆ’ ಎಂಬಷ್ಟು ನೇರವಾಗಿರಲಿ. ಉಳಿದ ಹತ್ತು ಪುಟ ಓದದವರೂ ಇದನ್ನು ಓದುತ್ತಾರೆ.

ಹೆಸರು ಕುಲ ಮತ್ತು ಪ್ರಭೇದ ಎಂದು ಎರಡು ಪದದ್ದು. ಊರಿನ ಹೆಸರಿಟ್ಟರೆ ಸಾಮಾನ್ಯವಾಗಿ ‘ಎನ್ಸಿಸ್’ ಎಂದು ಕೊನೆಗೊಳ್ಳುತ್ತದೆ. ಅದೇ ಕುಲದಲ್ಲಿ ಆ ಹೆಸರು ಮೊದಲೇ ಇದ್ದರೆ ನಡೆಯದು, ನೊಣಗಳ ಜಾಗತಿಕ ಪಟ್ಟಿಯಾದ ಸಿಸ್ಟಮಾ ಡಿಪ್ಟೆರೊರಮ್‌ನಲ್ಲಿ ಹುಡುಕಿ ನೋಡಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದಕ್ಕೆ ಸಂಹಿತೆಯಲ್ಲಿ ತಡೆಯಿಲ್ಲ, ಆದರೆ ಜನ ನಗುತ್ತಾರೆ. ಹೆಸರಿನ ಮುಂದೆ ಹೆಂಡೆಲ್, 1912 ಎಂಬುದು ಆವರಣದೊಳಗಿದ್ದರೆ, ಅವನು ಹೆಸರಿಟ್ಟಾಗ ನೊಣ ಬೇರೆ ಕುಲದಲ್ಲಿತ್ತು, ಆಮೇಲೆ ಈ ಕುಲಕ್ಕೆ ಬಂತು ಎಂದರ್ಥ.

ಲೇಖನ ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಬರುವುದಾದರೆ ಪ್ರಕಟಣೆಗೆ ಮೊದಲೇ ಪ್ರಾಣಿಗಳ ಹೆಸರುಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ಸಂಖ್ಯೆ ಲೇಖನದೊಳಗೆ ಕಾಣಬೇಕು; 2012ರಿಂದ ಈ ನಿಯಮವಿದೆ. ಪತ್ರಿಕಾಗೋಷ್ಠಿ ಮಾಡಿ, ವಾಟ್ಸಾಪ್‌ನಲ್ಲಿ ಹಂಚಿದ ಮಾತ್ರಕ್ಕೆ ಹೆಸರು ಹುಟ್ಟುವುದಿಲ್ಲ. ನಮ್ಮ ದೇಶದ ಜೀವವೈವಿಧ್ಯ ಕಾಯ್ದೆ, 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೈಯಾರೆ ಒಯ್ದರೆ ಉತ್ತಮ. ಅಂಚೆಯಲ್ಲಿ ಕಳಿಸಲೇಬೇಕಾದರೆ ಸೂಜಿ ಚುಚ್ಚಿದ ಡಬ್ಬಿಯನ್ನು ಅದಕ್ಕಿಂತ ದೊಡ್ಡ ಡಬ್ಬಿಯಲ್ಲಿಟ್ಟು, ಸುತ್ತ ನಾಲ್ಕೂ ಕಡೆ, ಮೇಲೆ ಕೆಳಗೆ ಸ್ಪಂಜು ತುಂಬಿ. ಸೂಜಿಯೊಂದು ಸಡಿಲವಾಗಿ ಒಳಗೆ ಉರುಳಿದರೆ ಪಕ್ಕದ ನೊಣಗಳ ತಲೆ, ಕಾಲೆಲ್ಲ ಮುರಿದು ಬೀಳುತ್ತವೆ. ಹಾಗಾಗಿ ಹೋಲೋಟೈಪ್‌ಗೆ ಯಾವಾಗಲೂ ಪ್ರತ್ಯೇಕ ಡಬ್ಬಿ.